ಪ್ರಮಾಣ ವಿಚಾರ: ಸ್ಥೂಲದೇಹದ ಬೆನ್ನೂ ಸೂಜಿಯ ಆಳವೂ

ಕನ್ನಡದಲ್ಲಿ ‘ಪ್ರಮಾಣ’ವೆಂಬ ಶಬ್ದಕ್ಕೆ ಮೂರು ಅರ್ಥಗಳು ಬಳಕೆಯಲ್ಲಿವೆ. ಉದ್ದ ಅಗಲ ತೂಕಗಳ ಅಳತೆಯೊಂದು. ತಿಳಿವಳಿಕೆಯ ನಿಜಸುಳ್ಳುಗಳನ್ನು ಗೊತ್ತುಮಾಡುವ ಸಾಧನವೊಂದು. ದೇವರ ಮುಂದೆ ನಿಂತು ಮಾಡುವ ಆಣೆಯೊಂದು. ಸಾಹಿತ್ಯದ ಉಪಾಧ್ಯಾಯರು ಮೊದಲನೆಯದನ್ನು ಗಣಿತದವರಿಗೂ ಎರಡನೆಯದನ್ನು ತರ್ಕಶಾಸ್ತ್ರದವರಿಗೂ ಬಿಟ್ಟುಕೊಟ್ಟು ಸುಮ್ಮನಿರುವುದು ವಾಡಿಕೆ. ಆದರೆ ಅಳತೆಯೇ ಸಾಕ್ಷಿಯಾಗಿ ನಿಲ್ಲುವ, ಆ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದರ ಮೇಲೆ ಒಂದು ಜೀವದ ಕ್ಷೇಮವೇ ನಿಲ್ಲುವ ಸಂದರ್ಭಗಳುಂಟು. ಸ್ಥೂಲಕಾಯರಾದ ರೋಗಿಗಳಿಗೆ, ಅದರಲ್ಲಿಯೂ ಗರ್ಭಿಣಿಯರಿಗೆ, ಬೆನ್ನಿನ ಮೂಲಕ ಕೊಡುವ ಎಪಿಡ್ಯೂರಲ್ ಅರಿವಳಿಕೆ ಅಂಥದೊಂದು ಸಂದರ್ಭ. ಎತ್ತರ ತೂಕಗಳನ್ನು ಅಳೆದು, ಸೂಜಿ ಹೋಗಬೇಕಾದ ಆಳವನ್ನೂ ಕೊಡಬೇಕಾದ ಮದ್ದಿನ ಮೊತ್ತವನ್ನೂ ಮುಂದಾಗಿ ಹೇಳಲು ಹೊರಟ ಸೂತ್ರಗಳು ವೈದ್ಯಸಾಹಿತ್ಯದಲ್ಲಿ ಹಲವು ಇವೆ. ಶಾಸ್ತ್ರವಾಕ್ಯವನ್ನು ಪರೀಕ್ಷಿಸುವ ರೀತಿಯಲ್ಲಿಯೇ ಆ ಸೂತ್ರಗಳನ್ನು ಪರೀಕ್ಷಿಸಿ, ಅವು ಹೇಳುವುದೇನು, ಹೇಳದೆ ಬಿಡುವುದೇನು, ಕನ್ನಡದ ಮಾತಿಗೆ ಬಂದಾಗ ಅವಕ್ಕೆ ಒದಗುವ ತೊಡಕೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ನೆಲೆಯಾಗಿ ಆಗುಂಬೆಯನ್ನು ಇಟ್ಟುಕೊಳ್ಳುವುದು ಅನುಕೂಲ. ತೀರ್ಥಹಳ್ಳಿ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಘಟ್ಟದ ನೆತ್ತಿಯ ಮೇಲಿರುವ ಈ ಊರಿನಿಂದ ತಾಲ್ಲೂಕಿನ ಪಟ್ಟಣ ಸುಮಾರು ೩೫ ಕಿಲೋಮೀಟರು. ೧೯೫೩ರಲ್ಲಿ ವೈದ್ಯಕಾಲೇಜು ಸ್ಥಾಪನೆಯಾದ ಮಣಿಪಾಲ ಸುಮಾರು ೫೫ ಕಿಲೋಮೀಟರು. ಆ ದಾರಿಯಾದರೋ ಸೋಮೇಶ್ವರದ ಕಡೆಗೆ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಇಳಿದು, ಹೆಬ್ರಿಯನ್ನು ಹಾದು ಹೋಗತಕ್ಕದ್ದು. ಮಳೆಗಾಲದಲ್ಲಿ ಗುಡ್ಡ ಜರಿದರೆ, ಮರ ಉರುಳಿದರೆ, ಆ ದಾರಿಯ ಲೆಕ್ಕವೇ ಬೇರೆ. ಇಂತಹ ಕಡೆಯಿಂದ ಹೆರಿಗೆಗೆ ಹೊರಟ ಹೆಂಗಸು ಸ್ಥೂಲಕಾಯದವಳಾದರೆ ವೈದ್ಯರು ಮುಂಚಿತವಾಗಿ ಯೋಚಿಸಬೇಕಾದ ಮಾತೊಂದುಂಟು. ಅವಳಿಗೆ ತುರ್ತಾಗಿ ಶಸ್ತ್ರಕ್ರಿಯೆ ಬೇಕಾಗಿ ಬಂದಾಗ ಪೂರ್ತಿ ಪ್ರಜ್ಞೆ ತಪ್ಪಿಸುವ ವಿಧಾನ ಹೆಚ್ಚು ಅಪಾಯಕರ. ಕೊರಳು ಎದೆಗಳ ಮೇಲಿನ ಮಾಂಸಭಾರದಿಂದ ಉಸಿರಿನ ಕೊಳವೆಯನ್ನು ಇಳಿಸುವುದು ಕಷ್ಟ, ಉಸಿರು ತಡೆದಷ್ಟು ಹೊತ್ತು ರಕ್ತದಲ್ಲಿ ಆಮ್ಲಜನಕ ಬೇಗನೆ ಇಳಿಯುತ್ತದೆ. ಆದಕಾರಣ ಹೆರಿಗೆಯ ನೋವು ಮೊದಲಾದ ಹೊಸತರಲ್ಲಿಯೇ ಬೆನ್ನಿನಲ್ಲಿ ಎಪಿಡ್ಯೂರಲ್ ಕೊಳವೆಯನ್ನು ಇಟ್ಟುಬಿಡುವುದು, ಬೇಕಾದರೆ ಅದನ್ನೇ ಶಸ್ತ್ರಕ್ರಿಯೆಗೂ ಉಪಯೋಗಿಸಿಕೊಳ್ಳುವುದು ಉಚಿತವೆಂದು ತಜ್ಞರ ಮತ. ಆದರೆ ಯಾರಿಗೆ ಆ ಕೊಳವೆ ಹೆಚ್ಚು ಬೇಕೋ ಅವರ ಬೆನ್ನಿನಲ್ಲಿಯೇ ಅದನ್ನು ಇಡುವುದು ಹೆಚ್ಚು ಕಷ್ಟ.

ಕಷ್ಟದ ಸ್ವರೂಪವನ್ನು ತಿಳಿಯಲು ಸೂಜಿಯ ದಾರಿಯನ್ನು ತಿಳಿಯಬೇಕು. ಸೊಂಟದ ಹತ್ತಿರ, ಬೆನ್ನೆಲುಬಿನ ಎರಡು ಮಣಿಗಳ ಮುಳ್ಳುಗಳ ನಡುವೆ, ಸೂಜಿ ಮೊದಲು ಚರ್ಮವನ್ನೂ ಅದರ ಕೆಳಗಿನ ಕೊಬ್ಬನ್ನೂ ದಾಟುತ್ತದೆ. ಅನಂತರ ಮುಳ್ಳುಗಳನ್ನು ಕೂಡಿಸುವ ಎರಡು ಕಟ್ಟುಗಳನ್ನು, ಕೊನೆಗೆ ಹಳದಿಯ ಗಟ್ಟಿ ಕಟ್ಟನ್ನು. ಅದರಾಚೆ ಕೆಲವೇ ಮಿಲಿಮೀಟರುಗಳ ಎಡೆಯೊಂದಿದೆ. ಅದೇ ಎಪಿಡ್ಯೂರಲ್ ಎಡೆ. ಅದನ್ನೂ ದಾಟಿದರೆ ಡ್ಯೂರಾ ಎಂಬ ಪೊರೆ ಹರಿದು, ಬೆನ್ನುಹುರಿಯ ಸುತ್ತಣ ನೀರು ಸೋರಿ, ಬಾಣಂತಿಗೆ ದಿನಗಟ್ಟಲೆ ತಲೆ ಎತ್ತಲಾಗದ ತಲೆನೋವು ಬರಬಹುದು. ಆಗಸ್ಟ್ ಬಿಯರ್ ೧೮೯೮ರಲ್ಲಿ ಆ ನೀರಿಗೇ ಮದ್ದು ಹಾಕುವ ವಿಧಾನವನ್ನು ತೋರಿಸಿದನು. ಸ್ಪೇನಿನ ಸೈನ್ಯವೈದ್ಯ ಫಿಡೆಲ್ ಪಾಹೆಸ್ ೧೯೨೧ರಲ್ಲಿ ನೀರನ್ನು ಮುಟ್ಟದೆ ಹೊರಗಿನ ಎಡೆಯಲ್ಲಿಯೇ ನಿಲ್ಲುವ ದಾರಿಯನ್ನು ಪ್ರಕಟಿಸಿದನು. ಸೂಜಿ ಎಡೆಯನ್ನು ಸೇರಿತೆಂದು ತಿಳಿಯುವ ಗುರುತನ್ನು ಜನಪ್ರಿಯಗೊಳಿಸಿದವನು ಇಟಲಿಯ ಡೋಲಿಯೋಟ್ಟಿ, ೧೯೩೦ರ ದಶಕದಲ್ಲಿ: ಪಿಚಕಾರಿಯ ದಂಡವನ್ನು ಒತ್ತುತ್ತಲೇ ಸೂಜಿಯನ್ನು ಮುಂದೂಡುತ್ತಾ ಹೋದರೆ ಕಟ್ಟಿನೊಳಗೆ ಇರುವವರೆಗೂ ದಂಡ ಬಿಗಿಯಾಗಿರುತ್ತದೆ, ಎಡೆಗೆ ಬಿದ್ದ ಕೂಡಲೆ ಬಿಗುವು ತಟ್ಟನೆ ಮಾಯವಾಗುತ್ತದೆ. ಇಷ್ಟು ಕಾಲ ಕಳೆದಮೇಲೂ ಇದೇ ಮುಖ್ಯ ಗುರುತು. ಇದು ಹೆಬ್ಬೆರಳಿನ ಜ್ಞಾನ; ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಸ್ಪರ್ಶಪ್ರತ್ಯಕ್ಷ.

ಹೆಚ್ಚಿನವರಲ್ಲಿ ಚರ್ಮದಿಂದ ಈ ಎಡೆಗೆ ೪ರಿಂದ ೬ ಸೆಂಟಿಮೀಟರು. ಸಾಮಾನ್ಯವಾಗಿ ಬಳಸುವ ಸೂಜಿಯ ಉದ್ದ ೮ ಸೆಂಟಿಮೀಟರು. ಅದರ ಮೈಮೇಲೆ ಸೆಂಟಿಮೀಟರಿಗೊಂದು ಗೆರೆ. ಸ್ಥೂಲಕಾಯರಲ್ಲಿಯೂ ಬಹುಮಂದಿಗೆ ಇದೇ ಸೂಜಿ ಸಾಲುತ್ತದೆ, ಕೆಲವರಿಗೆ ಸಾಲುವುದಿಲ್ಲ. ಆ ಕೆಲವರು ಯಾರೆಂದು ಮೊದಲೇ ತಿಳಿದರೆ ಉದ್ದನೆಯ ಸೂಜಿಯನ್ನು ಸಿದ್ಧವಾಗಿಟ್ಟುಕೊಳ್ಳಬಹುದು. ಎಲ್ಲರಿಗೂ ಉದ್ದನೆಯದನ್ನೇ ಹಿಡಿದರಾಗದೆ ಎಂದರೆ, ಉದ್ದ ಹೆಚ್ಚಿದಷ್ಟೂ ಸೂಜಿ ಬಾಗುತ್ತದೆ, ಕೈಯ ಹತೋಟಿ ತಪ್ಪುತ್ತದೆ, ತಪ್ಪಿದಾಗ ಆಗುವ ಹಾನಿಯೂ ಆಳವಾದುದು. ದೇಹದ ಅಳತೆಗಳಿಂದ ಆಳವನ್ನು ಊಹಿಸುವ ಸೂತ್ರಗಳು ಹುಟ್ಟಿದ್ದು ಈ ಅವಶ್ಯಕತೆಯಿಂದ. ಅವುಗಳ ಹುಟ್ಟಿನಲ್ಲಿ ತಪ್ಪೇನೂ ಇಲ್ಲ. ಅವನ್ನು ಓದುವ ರೀತಿಯಲ್ಲಿ ತಪ್ಪು ಸೇರಿಕೊಳ್ಳುತ್ತದೆ.

ಉದಾಹರಣೆಗಾಗಿ ೨೦೧೧ರಲ್ಲಿ ಭಾರತದ ಅರಿವಳಿಕೆಯ ಪತ್ರಿಕೆಯೊಂದರಲ್ಲಿ ಪ್ರಕಟವಾದ, ೧೨೦ ರೋಗಿಗಳನ್ನು ಕುರಿತ ಅಧ್ಯಯನವನ್ನು ತೆಗೆದುಕೊಳ್ಳಬಹುದು. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿ ಬರುವ ಬಿ.ಎಂ.ಐ. ಎಂಬ ಅಂಕಿಯೇ ಅದರ ಆಧಾರ. ಆ ಅಂಕಿಯನ್ನು ಸುಮಾರು ೦.೯೮ರಿಂದ ಗುಣಿಸಿ ೧೭.೮ನ್ನು ಕೂಡಿಸಿದರೆ ಚರ್ಮದಿಂದ ಎಡೆಗಿರುವ ದೂರ ಮಿಲಿಮೀಟರುಗಳಲ್ಲಿ ಬರುತ್ತದೆಂದು ಅದರ ತೀರ್ಮಾನ. ಮೂಲದಲ್ಲಿ ಈ ಸಂಖ್ಯೆಗಳನ್ನು ದಶಾಂಶದ ನಾಲ್ಕು ಸ್ಥಾನಗಳವರೆಗೆ ಕೊಟ್ಟಿದೆ. ೧೫೦ ಸೆಂಟಿಮೀಟರು ಎತ್ತರದ, ೭೫ ಕಿಲೋ ತೂಕದ ಹೆಂಗಸಿನ ಬಿ.ಎಂ.ಐ. ೩೩ಕ್ಕಿಂತ ಸ್ವಲ್ಪ ಹೆಚ್ಚು. ಸೂತ್ರದಂತೆ ಆಳ ೫೦ ಮಿಲಿಮೀಟರು ಅಥವಾ ೫ ಸೆಂಟಿಮೀಟರು. ೧೬೫ ಸೆಂಟಿಮೀಟರು ಎತ್ತರದ, ೯೧ ಕಿಲೋ ತೂಕದವಳಿಗೂ ಅದೇ ಅಂಕಿ, ಅದೇ ಆಳ. ಹದಿನಾರು ಕಿಲೋ ತೂಕದ ವ್ಯತ್ಯಾಸವಿರುವ ಇಬ್ಬರು ಹೆಂಗಸರ ಬೆನ್ನುಗಳು ಸೂತ್ರದ ಕಣ್ಣಿಗೆ ಒಂದೇ ಬೆನ್ನಾಗಿ ಕಾಣುತ್ತವೆ.

ಇಲ್ಲಿ ವಿಮರ್ಶಕನು ಮೊದಲು ಗಮನಿಸಬೇಕಾದುದು ಆ ದಶಾಂಶಗಳನ್ನು. ಸೂಜಿ ಹಿಡಿದ ಕೈ ಚರ್ಮವನ್ನು ಒತ್ತಿದಾಗ ಬೆನ್ನಿನ ಕೊಬ್ಬು ಒಳಗೆ ತಗ್ಗುತ್ತದೆ. ಸೂಜಿ ಸ್ವಲ್ಪ ಓರೆಯಾದರೆ ದಾರಿ ಉದ್ದವಾಗುತ್ತದೆ. ಕುಳಿತವಳು ಬಾಗಿದಾಗಿನ ಬೆನ್ನು ಬೇರೆ, ಮಗ್ಗುಲಾಗಿ ಮಲಗಿದಾಗಿನದು ಬೇರೆ. ಒಳಗೆ ಇಟ್ಟ ಕೊಳವೆ, ಕುಳಿತಿದ್ದವಳು ಮಲಗಿದಾಗ, ಸ್ಥೂಲದೇಹದಲ್ಲಿ ಚರ್ಮಕ್ಕೆ ಹೋಲಿಸಿ ಒಂದು ಸೆಂಟಿಮೀಟರಿನ ಆಸುಪಾಸು ಸರಿಯುತ್ತದೆಂದು ೧೯೯೭ರಲ್ಲಿಯೇ ಅಳೆದು ತೋರಿಸಿದ್ದಾರೆ. ಅವಳನ್ನು ಮಲಗಿಸಿದ ಮೇಲೆಯೇ ಕೊಳವೆಯನ್ನು ಬೆನ್ನಿಗೆ ಅಂಟಿಸಬೇಕೆಂಬ ಸೂಚನೆ ಬಂದುದು ಇದರಿಂದಲೇ. ಅಳೆಯುವ ವಸ್ತುವೇ ಮಿಲಿಮೀಟರುಗಟ್ಟಲೆ ಅಲುಗಾಡುತ್ತಿರುವಾಗ ಅಳತೆಗೆ ನಾಲ್ಕು ದಶಾಂಶಗಳು ಬರುವುದು ಲೆಕ್ಕದ ಯಂತ್ರದ ದೆಸೆಯಿಂದ, ಬೆನ್ನಿನಿಂದಲ್ಲ. ಅಧ್ಯಯನಕಾರರು ಅದನ್ನು ಅರಿಯದವರಲ್ಲ. ಆದರೆ ಮೂಲವನ್ನು ಓದದೆ ಸೂತ್ರವನ್ನು ಮಾತ್ರ ಎತ್ತಿಕೊಳ್ಳುವ ಓದುಗನಿಗೆ ದಶಾಂಶವೇ ಪ್ರಾಮಾಣ್ಯವಾಗಿ ಕಾಣುವುದು. ಛಂದಸ್ಸು ಸರಿಯಾಗಿದ್ದರೆ ಪದ್ಯದ ಅರ್ಥವೂ ಸರಿಯೆಂದು ನಂಬುವ ವಿದ್ಯಾರ್ಥಿಯನ್ನು ಕಂಡ ಉಪಾಧ್ಯಾಯರಿಗೆ ಈ ಭ್ರಮೆ ಹೊಸದಲ್ಲ.

ಎರಡನೆಯದಾಗಿ, ಬಿ.ಎಂ.ಐ.ಯ ವಂಶವೃತ್ತಾಂತ. ಬೆಲ್ಜಿಯಮ್ ದೇಶದ ಜ್ಯೋತಿಶ್ಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ ೧೮೩೦ರ ದಶಕದಲ್ಲಿ, ವಯಸ್ಕರ ತೂಕ ಎತ್ತರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಕಂಡುಕೊಂಡನು. ಅವನಿಗೆ ಬೇಕಾಗಿದ್ದುದು ‘ಸರಾಸರಿ ಮನುಷ್ಯ’. ಯಾವೊಬ್ಬ ರೋಗಿಯ ಬೊಜ್ಜನ್ನೂ ಅವನು ಅಳೆಯಹೊರಟಿರಲಿಲ್ಲ. ೧೯೭೨ರಲ್ಲಿ ಆನ್ಸೆಲ್ ಕೀಸ್ ಮತ್ತು ಅವನ ಸಂಗಡಿಗರು ಈ ಅಂಕಿಗೆ ಈಗಿನ ಹೆಸರನ್ನು ಕೊಟ್ಟರು. ಅವರು ಪರೀಕ್ಷಿಸಿದ್ದು ಹಲವು ದೇಶಗಳ ಗಂಡಸರನ್ನು. ಹೀಗೆ ಸರಾಸರಿಗಾಗಿ ಹುಟ್ಟಿ, ಗಂಡಸರ ಮೇಲೆ ನಾಮಕರಣವಾದ ಅಂಕಿ ತುಂಬುಗರ್ಭಿಣಿಯ ಬೆನ್ನಿನ ಆಳವನ್ನು ಹೇಳಬೇಕಾಗಿದೆ. ಗರ್ಭಿಣಿಯ ತೂಕದಲ್ಲಿ ಕೂಸು, ಮಾಸು, ನೀರು ಎಲ್ಲವೂ ಸೇರಿರುವುದರಿಂದ ಗರ್ಭದ ಮೊದಲ ತಿಂಗಳುಗಳ ತೂಕದಿಂದಲೇ ಬಿ.ಎಂ.ಐ. ಲೆಕ್ಕ ಮಾಡಬೇಕು. ಆ ತಿಂಗಳುಗಳಲ್ಲಿ ಅವಳು ತಕ್ಕಡಿಯ ಮೇಲೆ ನಿಂತೇ ಇಲ್ಲದಿದ್ದರೆ ಸೂತ್ರಕ್ಕೆ ಕೂಡಿಸಲು ಅಂಕಿಯೇ ಇಲ್ಲ.

ಜನಾಂಗಭೇದದ ಮಾತೂ ಇದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಯುಡ್ಕಿನ್ ಇಬ್ಬರೂ ೨೦೦೪ರಲ್ಲಿ ತಮ್ಮ ಎರಡು ದೇಹಗಳನ್ನೇ ಸಾಕ್ಷಿಯಾಗಿಟ್ಟು ಒಂದು ಚಿಕ್ಕ ಬರಹವನ್ನು ಪ್ರಕಟಿಸಿದರು. ಇಬ್ಬರ ಬಿ.ಎಂ.ಐ.ಯೂ ೨೨.೩. ಯುಡ್ಕಿನರ ದೇಹದಲ್ಲಿ ಕೊಬ್ಬು ನೂರಕ್ಕೆ ೯.೧, ಯಾಜ್ಞಿಕರ ದೇಹದಲ್ಲಿ ನೂರಕ್ಕೆ ೨೧.೨. ವೈದ್ಯಸಾಹಿತ್ಯದಲ್ಲಿ ಇಷ್ಟು ಸಂಕ್ಷೇಪವಾಗಿ, ಇಷ್ಟು ವಿನೋದವಾಗಿ ಮಂಡಿಸಿದ ಖಂಡನೆ ಅಪರೂಪ. ಇಂತಹ ಕಾರಣಗಳಿಂದಲೇ ಸ್ಥೂಲತೆಯ ಗೆರೆಯನ್ನು ಬೇರೆ ಕಡೆ ೩೦ಕ್ಕೆ ಎಳೆದರೆ ಭಾರತೀಯರಿಗೆ ೨೫ಕ್ಕೆ ಎಳೆಯಬೇಕೆಂದು ೨೦೦೯ರಲ್ಲಿ ನಮ್ಮ ದೇಶದ ತಜ್ಞರು ಗೊತ್ತುಮಾಡಿದರು. ಒಂದು ದೇಶದವರ ಬೆನ್ನುಗಳಿಂದ ಕಟ್ಟಿದ ಸೂತ್ರವನ್ನು ಇನ್ನೊಂದು ದೇಶದ ಬೆನ್ನಿಗೆ ಹಚ್ಚುವಾಗ ಈ ಭೇದ ನೆನಪಿನಲ್ಲಿರಬೇಕು. ದೇಶದ ಮಾತು ಹಾಗಿರಲಿ, ಒಂದು ಜಿಲ್ಲೆಯೊಳಗೇ ಸರಾಸರಿಯ ಗತಿ ಏನೆಂಬುದನ್ನು ಆಗುಂಬೆಯವರಿಗೆ ಹೇಳಿಕೊಡಬೇಕಾದುದಿಲ್ಲ. ಅಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವಾಗ ಅದೇ ಶಿವಮೊಗ್ಗ ಜಿಲ್ಲೆಯ ಮೂಡಲ ಬಯಲಿನಲ್ಲಿ ಅದರ ಐದರಲ್ಲೊಂದು ಪಾಲೂ ಬೀಳದು. ಜಿಲ್ಲೆಯ ಸರಾಸರಿ ಮಳೆ ಸುಳ್ಳಲ್ಲ. ಅದನ್ನು ನಂಬಿ ಆಗುಂಬೆಯಲ್ಲಿ ಸೂರು ಹೊದಿಸುವವನು ಮಾತ್ರ ಕೆಡುತ್ತಾನೆ.

ಈ ಘಟ್ಟದಲ್ಲಿ ಆಯುರ್ವೇದದ ಅಭಿಮಾನಿಗಳು ಒಂದು ಮಾತನ್ನು ಮುಂದಿಡುವುದು ಸಹಜ. ಪರದೇಶದ ಸರಾಸರಿಯೇಕೆ, ನಮ್ಮ ಪ್ರಾಚೀನರು ಪ್ರತಿಯೊಬ್ಬನ ದೇಹವನ್ನೂ ಅವನವನ ಬೆರಳಿನಿಂದಲೇ ಅಳೆಯಬೇಕೆಂದು ಹೇಳಲಿಲ್ಲವೇ ಎಂದು. ಹೇಳಿರುವುದು ನಿಜ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ರೋಗಿಯನ್ನು ಪರೀಕ್ಷಿಸತಕ್ಕ ಹತ್ತು ವಿಷಯಗಳನ್ನು ಹೇಳಿದೆ, ಪ್ರಮಾಣವು ಅವುಗಳಲ್ಲೊಂದು. ಅಲ್ಲಿ ಅಂಗಾಂಗಗಳ ಉದ್ದಗಲಗಳನ್ನೆಲ್ಲ ರೋಗಿಯ ಸ್ವಂತ ಅಂಗುಲದಿಂದ ಗೊತ್ತುಮಾಡಿ, ಇಡೀ ದೇಹದ ಎತ್ತರ ೮೪ ಅಂಗುಲವೆಂದು ಹೇಳಿದೆ. ಸುಶ್ರುತಸಂಹಿತೆಯಲ್ಲಿ ೧೨೦ ಅಂಗುಲ. ಈ ವ್ಯತ್ಯಾಸವನ್ನು ಹೊಂದಿಸಲು ನಡೆದಿರುವ ಯತ್ನಗಳು ಬೇರೊಂದು ಲೇಖನಕ್ಕೆ ವಸ್ತು. ಸುಶ್ರುತನು ೧೦೭ ಮರ್ಮಗಳಿಗೂ ಅಂಗುಲದ ವಿಸ್ತಾರವನ್ನು ಕೊಟ್ಟು, ಶಸ್ತ್ರವಿಡುವಾಗ ಅಷ್ಟು ಜಾಗವನ್ನು ಬಿಟ್ಟು ಇಡಬೇಕೆಂದು ವಿಧಿಸುತ್ತಾನೆ. ಹರಿತವಾದ ಆಯುಧಕ್ಕೆ ದೇಹದ ಅಳತೆಯಿಂದಲೇ ದಾರಿ ತೋರಿಸುವ ಯೋಚನೆ ಅಲ್ಲಿ ಸ್ಪಷ್ಟವಾಗಿದೆ. ಬೆನ್ನಿನ ಹದಿನಾಲ್ಕು ಮರ್ಮಗಳಲ್ಲಿ ಕುಕುಂದರವೆಂಬ ಜೋಡಿ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಸೊಂಟದ ಭಾಗದಲ್ಲಿಯೇ ಇದೆ. ಇಷ್ಟರಿಂದ ಎಪಿಡ್ಯೂರಲ್ ವಿದ್ಯೆ ಸುಶ್ರುತನಿಗೆ ಗೊತ್ತಿತ್ತೆಂದು ಹೊರಡುವುದು ಪಾಂಡಿತ್ಯಕ್ಕೆ ಒಪ್ಪುವ ಮಾತಲ್ಲ.

ಆದರೆ ಸ್ವಾಂಗುಲಪ್ರಮಾಣದ ನಿಜವಾದ ಗುಣದೋಷಗಳನ್ನು ತೂಗಿ ನೋಡಿದರೆ ಇನ್ನೂ ಬೆಲೆಯುಳ್ಳ ಮಾತೊಂದು ಸಿಕ್ಕುತ್ತದೆ. ಬೆರಳು ಎಲುಬಿನ ಜೊತೆಗೆ ಬೆಳೆಯುತ್ತದೆ. ಆದುದರಿಂದ ಗಿಡ್ಡನಿಗೂ ಎತ್ತರದವನಿಗೂ ಇರುವ ಭೇದವನ್ನು ಅದು ತಾನಾಗಿಯೇ ಕಳೆದುಬಿಡುತ್ತದೆ. ಎತ್ತರದ ವರ್ಗದಿಂದ ಭಾಗಿಸುವ ಬಿ.ಎಂ.ಐ.ಯ ಉದ್ದೇಶವೂ ಬಹುಮಟ್ಟಿಗೆ ಅದೇ. ಆದರೆ ಬೆನ್ನಿನ ಕೊಬ್ಬು ಹೆಚ್ಚಿದಾಗ ಬೆರಳಿನ ಉದ್ದ ಹೆಚ್ಚುವುದಿಲ್ಲ. ಎಲುಬನ್ನು ಅಳೆಯಲು ಸಮರ್ಥವಾದ ಅಂಗುಲ ಕೊಬ್ಬನ್ನು ಅಳೆಯಲು ಅಸಮರ್ಥ. ಇದು ಚರಕನಿಗೆ ತಿಳಿಯದ ವಿಷಯವಾಗಿರಲಿಲ್ಲವೆಂದು ಊಹಿಸಲು ಆಧಾರವಿದೆ. ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲನ ಲಕ್ಷಣವನ್ನು ಹೇಳುವಾಗ ಅಲ್ಲಿ ಅಂಗುಲದ ಮಾತೇ ಇಲ್ಲ. ನಡೆದಾಡುವಾಗ ಪಿರ್ರೆ, ಹೊಟ್ಟೆ, ಎದೆಗಳು ಅಲುಗಾಡುವುದನ್ನೂ, ಬೆಳೆದ ಮೈಗೆ ತಕ್ಕ ಉತ್ಸಾಹವಿಲ್ಲದಿರುವುದನ್ನೂ ಹೇಳಿ ಗ್ರಂಥ ಮುಂದೆ ಸಾಗುತ್ತದೆ. ಅಂದರೆ ಸ್ಥೂಲತೆಯನ್ನು ಕಣ್ಣಿಗೆ ಕಾಣುವ ವರ್ಣನೆಯಿಂದ ತಿಳಿಸಿದೆಯೇ ಹೊರತು ಅಳತೆಯಿಂದಲ್ಲ. ಕೊಬ್ಬು ಎಲ್ಲಿ ಕೂಡಿದೆಯೆಂಬುದನ್ನು ಅಂಗದ ಹೆಸರು ಹಿಡಿದು ಹೇಳಿದೆ. ವಿಮಾನಸ್ಥಾನದಲ್ಲಿಯೂ, ಮೈಯ ಗಾತ್ರವನ್ನು ಮಾತ್ರ ನೋಡಿ ಬಲವಂತನೆಂದೋ ದುರ್ಬಲನೆಂದೋ ನಿರ್ಣಯಿಸುವ ವೈದ್ಯನು ಮೋಸಹೋಗುವನೆಂದು ಎಚ್ಚರಿಸಿ, ತನಗಿಂತ ದೊಡ್ಡ ಭಾರವನ್ನು ಹೊರುವ ಇರುವೆಯ ದೃಷ್ಟಾಂತವನ್ನು ಕೊಟ್ಟಿದೆ. ಪ್ರಾಚೀನರ ಹಿರಿಮೆಯನ್ನು ೮೪ ಎಂಬ ಅಂಕಿಯಲ್ಲಿ ಹುಡುಕುವವರು ಈ ಇರುವೆಯನ್ನು ಬಿಟ್ಟುಬಿಡುತ್ತಾರೆ.

ಅದೇ ಅಧ್ಯಾಯದ ಒಂದು ದೋಷವನ್ನೂ ಮುಚ್ಚಿಡಬೇಕಾಗಿಲ್ಲ. ಅತಿಸ್ಥೂಲನನ್ನು ಅಲ್ಲಿ ಎಂಟು ಮಂದಿ ‘ನಿಂದಿತ’ರ ಪಂಕ್ತಿಯಲ್ಲಿ, ಅತಿ ಎತ್ತರದವನು, ಅತಿ ಕುಳ್ಳನು, ಅತಿ ಕಪ್ಪಿನವನು ಮುಂತಾದವರ ಜೊತೆಗೆ ಕೂರಿಸಿದೆ. ಅಳತೆಗೆ ಬೈಗುಳ ಅಂಟಿಕೊಂಡ ಬಹಳ ಹಳೆಯ ಉದಾಹರಣೆ ಇದು. ಆಸ್ಪತ್ರೆಯ ತಕ್ಕಡಿಯ ಮುಂದೆ ನಿಲ್ಲಲು ನಾಚುವ ಹೆಂಗಸಿಗೆ ಈ ನಿಂದೆ ಯಾವ ಸಂಹಿತೆಯಿಂದ ಬಂತೆಂದು ತಿಳಿಯದಿದ್ದರೂ ನಿಂದೆ ತಿಳಿಯುತ್ತದೆ. ಅವಳು ತಕ್ಕಡಿಯಿಂದ ತಪ್ಪಿಸಿಕೊಂಡರೆ ಮೊದಲೇ ಹೇಳಿದಂತೆ ಸೂತ್ರಕ್ಕೆ ಅಂಕಿಯಿಲ್ಲ.

ಸಂಸ್ಕೃತದ ‘ಸ್ಥೂಲ’ಕ್ಕೆ ಪ್ರತಿಯಾಗಿ ಕನ್ನಡದಲ್ಲಿ ಬಳಕೆಯಲ್ಲಿರುವ ‘ಬೊಜ್ಜು’ ಇನ್ನೂ ಕುತೂಹಲಕರವಾದ ಪದ. ಅದು ಮೊದಲಿಗೆ ಹೊಟ್ಟೆಯದು. ಆಮೇಲೆ ಇಡೀ ದೇಹಕ್ಕೆ ಹರಡಿದ್ದು. ಈ ಪದದಲ್ಲಿ ಜಾಗದ ನೆನಪು ಉಳಿದಿದೆ, ಬಿ.ಎಂ.ಐ.ಯಲ್ಲಿ ಇಲ್ಲ. ಪ್ರಕೃತ ವಿಷಯಕ್ಕೆ ಈ ಜಾಗದ ನೆನಪೇ ಮುಖ್ಯ. ಏಕೆಂದರೆ ಅರಿವಳಿಕೆಯ ವೈದ್ಯನ ಮುಂದೆ ಇರುವುದು ಒಂದು ಪ್ರಶ್ನೆಯಲ್ಲ, ಎರಡು. ಸೂಜಿ ಎಷ್ಟು ಆಳ ಹೋಗಬೇಕು ಎಂಬುದೊಂದು. ಮದ್ದು ಎಷ್ಟು ಬೇಕು, ಅದು ಎಷ್ಟು ಮೇಲಕ್ಕೆ ಏರುವುದು ಎಂಬುದಿನ್ನೊಂದು. ಮೊದಲನೆಯದಕ್ಕೆ ಉತ್ತರ ಬೆನ್ನಿನ ಕೊಬ್ಬಿನಲ್ಲಿದೆ. ಎರಡನೆಯದರ ಉತ್ತರದಲ್ಲಿ ಹೆಚ್ಚಿನ ಪಾಲು ಹೊಟ್ಟೆಯದು. ಹೊಟ್ಟೆಯ ಒತ್ತಡ ಹೆಚ್ಚಿದಾಗ ಎಪಿಡ್ಯೂರಲ್ ಎಡೆಯ ರಕ್ತನಾಳಗಳು ಉಬ್ಬುತ್ತವೆ, ಎಡೆ ಕಿರಿದಾಗುತ್ತದೆ, ಅಷ್ಟೇ ಮದ್ದು ಹೆಚ್ಚು ದೂರ ಹರಡುತ್ತದೆ. ತುಂಬುಗರ್ಭವೊಂದೇ ಈ ಕೆಲಸವನ್ನು ಮಾಡಬಲ್ಲುದು. ಬೊಜ್ಜೂ ಸೇರಿದರೆ ಇಮ್ಮಡಿಯಾಗುತ್ತದೆ. ಸಿಸೇರಿಯನ್ ಶಸ್ತ್ರಕ್ರಿಯೆಗಳಲ್ಲಿ ಒಂದೇ ಮೊತ್ತದ ಮದ್ದು ಭಾರದ ಹೆಂಗಸರಲ್ಲಿ ಹೆಚ್ಚು ಮೇಲಕ್ಕೆ ಏರಿತೆಂದು ಹಾಡ್ಜ್‌ಕಿನ್ಸನ್ ಮತ್ತು ಹುಸೇನ್ ೧೯೮೦ರಲ್ಲಿ ತೋರಿಸಿದರು. ತೂಕ ಹೆಚ್ಚಾದರೆ ಮದ್ದು ಹೆಚ್ಚು ಬೇಕೆಂಬ ಲೋಕರೂಢಿಯ ತರ್ಕ ಇಲ್ಲಿ ತಲೆಕೆಳಗು. ಬ್ರೋಮೇಜನು ಮದ್ದಿನ ಮೊತ್ತವನ್ನು ಎತ್ತರಕ್ಕೆ ಹೊಂದಿಸಲು ಒಂದು ನಿಯಮ ಹೇಳಿದ್ದನು: ೧೫೦ ಸೆಂಟಿಮೀಟರಿನವರಿಗೆ ಬೆನ್ನಿನ ಒಂದೊಂದು ನರಖಂಡಕ್ಕೂ ಒಂದು ಮಿಲಿಲೀಟರು, ಎತ್ತರ ಐದು ಸೆಂಟಿಮೀಟರು ಹೆಚ್ಚಿದಂತೆಲ್ಲ ಅದಕ್ಕೆ ಹತ್ತರಲ್ಲೊಂದು ಭಾಗ ಕೂಡಿಸತಕ್ಕದ್ದು. ಅದೂ ಆರಂಭದ ಊಹೆಯೇ. ನಡೆಯುತ್ತಿರುವ ಪದ್ಧತಿ ಏನೆಂದರೆ ಮದ್ದನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು, ತಣ್ಣನೆಯ ವಸ್ತುವನ್ನು ಮೈಗೆ ಮುಟ್ಟಿಸಿ, ಎಲ್ಲಿಯವರೆಗೆ ಜೋಮು ಏರಿದೆಯೆಂದು ನೋಡಿ, ಮತ್ತೆ ಕೊಡುವುದು.

ಹೀಗೆ ಒಂದೇ ‘ಸ್ಥೂಲ’ ಶಬ್ದ ಎರಡು ವಿಚಾರಗಳನ್ನು ಕಲಸಿ ಒಂದಾಗಿ ಮಾಡಿದೆ. ಬೆನ್ನು ತೆಳುವಾಗಿ ಹೊಟ್ಟೆ ದೊಡ್ಡದಾಗಿರುವವಳಿಗೂ, ಹೊಟ್ಟೆ ಅಷ್ಟಾಗಿಲ್ಲದೆ ಬೆನ್ನಿನ ಮೇಲೆ ಮಾಂಸದ ಮೆತ್ತೆಯಿರುವವಳಿಗೂ ಬಿ.ಎಂ.ಐ. ಒಂದೇ ಆಗಬಹುದು, ಒಬ್ಬಳಿಗೆ ಆಳ ಕಡಮೆ, ಮದ್ದಿನ ಎಚ್ಚರ ಹೆಚ್ಚು, ಇನ್ನೊಬ್ಬಳಿಗೆ ಇದರ ವಿಪರ್ಯಯ. ಸೂತ್ರಗಳ ಮೇಲೆ ಮಾಡಬಹುದಾದ ಆಕ್ಷೇಪಗಳಲ್ಲಿ ಇದೇ ಬಲವಾದುದು. ಅಂಕಿ ತಪ್ಪಿದರೆ ತಿದ್ದಬಹುದು. ಎರಡು ಪ್ರಶ್ನೆಗಳನ್ನು ಒಂದೆಂದು ಭ್ರಮಿಸಿ ಕೊಟ್ಟ ಉತ್ತರವನ್ನು ತಿದ್ದುವುದು ಹೇಗೆ?

ಸೂತ್ರವನ್ನು ಬಿಟ್ಟು ಕೈಯನ್ನೇ ನಂಬೋಣವೆಂದರೆ ಅಲ್ಲಿಯೂ ಎಚ್ಚರ ಬೇಕು. ಎರಡು ಪಕ್ಕದ ಸೊಂಟದೆಲುಬಿನ ಏಣುಗಳನ್ನು ಕೂಡಿಸಿ ಗೆರೆ ಎಳೆದರೆ ಅದು ನಾಲ್ಕನೆಯ ಸೊಂಟಮಣಿಯ ಹತ್ತಿರ ಹಾಯುತ್ತದೆಂದು ಪಾಠ. ಆ ಗೆರೆಗೆ ಟಫಿಯೇ ಎಂಬುವನ ಹೆಸರಿದೆ. ಮಾಂಸ ತುಂಬಿದ ಮೈಯಲ್ಲಿ ಏಣೇ ಕೈಗೆ ಸಿಕ್ಕದು. ಸಿಕ್ಕಿತೆಂದುಕೊಂಡ ಗೆರೆ ಸ್ವಲ್ಪ ಮೇಲಕ್ಕೇ ಬೀಳುವುದು ಸಾಮಾನ್ಯ. ಬ್ರಾಡ್‌ಬೆಂಟ್ ಮತ್ತು ಸಂಗಡಿಗರು ೨೦೦೦ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅನುಭವಸ್ಥರಾದ ಅರಿವಳಿಕೆ ವೈದ್ಯರು ಬೆನ್ನನ್ನು ಮುಟ್ಟಿ ನೋಡಿ ಹೇಳಿದ ಎಡೆ, ಚಿತ್ರ ತೆಗೆದು ನೋಡಿದಾಗ ನೂರರಲ್ಲಿ ೨೯ ಸಲ ಮಾತ್ರ ಸರಿಯಾಗಿತ್ತು. ಕೆಲವೊಮ್ಮೆ ಹೇಳಿದ್ದಕ್ಕಿಂತ ನಾಲ್ಕು ಮಣಿಗಳಷ್ಟು ಮೇಲಿತ್ತು. ಸ್ಥೂಲತೆ ಈ ತಪ್ಪನ್ನು ಹೆಚ್ಚಿಸಿತು. ಪ್ರತ್ಯಕ್ಷವೇ ಪ್ರಬಲಪ್ರಮಾಣವೆಂದು ಸಾಧಿಸುವ ವಾದಿಗಳು ಈ ಅಂಕಿಯನ್ನು ನೋಡತಕ್ಕದ್ದು.

ಆದುದರಿಂದ ಈಚೆಗೆ ಬೆನ್ನಿನ ಮೇಲೆ ಅಲ್ಟ್ರಾಸೌಂಡ್ ಯಂತ್ರದ ಹಿಡಿಯನ್ನಿಟ್ಟು, ಅದೇ ಹೆಂಗಸಿನ ಅದೇ ಬೆನ್ನಿನಲ್ಲಿ ಮಣಿಗಳ ಎಡೆಯನ್ನೂ ಆಳವನ್ನೂ ನೋಡಿ ಗುರುತು ಹಾಕುವ ಪದ್ಧತಿ ಬಂದಿದೆ. ಇಂಗ್ಲೆಂಡಿನ ನೈಸ್ ಸಂಸ್ಥೆ ೨೦೦೮ರಲ್ಲಿಯೇ ಇದರ ಬಗ್ಗೆ ಮಾರ್ಗದರ್ಶಿಯನ್ನು ಪ್ರಕಟಿಸಿತು. ಸರಾಸರಿಯ ದೇಹವನ್ನು ಬಿಟ್ಟು ಸ್ವಂತ ದೇಹಕ್ಕೆ ಮರಳುವುದರಲ್ಲಿ ಇದು ಸ್ವಾಂಗುಲದ ನೀತಿಗೆ ಹತ್ತಿರ. ಕೊಬ್ಬನ್ನು ನೇರವಾಗಿ ಅಳೆಯುವುದರಲ್ಲಿ ಅದಕ್ಕಿಂತ ಮುಂದೆ. ಇದೂ ನಿರ್ದೋಷವಲ್ಲ. ಯಂತ್ರದ ಹಿಡಿ ಕೊಬ್ಬನ್ನು ಒತ್ತುವುದರಿಂದ ತೋರುವ ಆಳ ನಿಜಕ್ಕಿಂತ ಸ್ವಲ್ಪ ಕಡಮೆ. ಸ್ಥೂಲದೇಹದಲ್ಲಿ ಚಿತ್ರವೇ ಮಸುಕು. ನೋಡುವ ಕಣ್ಣಿಗೂ ಅಭ್ಯಾಸ ಬೇಕು. ಯಂತ್ರವಿಲ್ಲದ ಕಡೆ ಸೂತ್ರದ ಅಂಕಿ ಅಷ್ಟರಮಟ್ಟಿಗೆ ಉಪಕಾರಿಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಸೂತ್ರ ೫ ಸೆಂಟಿಮೀಟರೆಂದರೆ, ೪ ಆಗುವ ಹೊತ್ತಿಗೇ ಸೂಜಿಯನ್ನು ನಿಧಾನಿಸಿ ಹೆಬ್ಬೆರಳಿಗೆ ಮನಸ್ಸನ್ನು ಕೊಡಬಹುದು; ೮ರ ಸಮೀಪವೆಂದರೆ ಉದ್ದನೆಯ ಸೂಜಿಯನ್ನೂ ಹಿರಿಯ ಕೈಯನ್ನೂ ಮೊದಲೇ ಕರೆಸಿಕೊಳ್ಳಬಹುದು. ಐದೆಂದು ಸೂತ್ರ ಹೇಳಿತೆಂಬ ಕಾರಣಕ್ಕೆ ಐದರವರೆಗೆ ಕಣ್ಣುಮುಚ್ಚಿ ನುಗ್ಗುವುದಕ್ಕೆ ಮಾತ್ರ ಅದು ಅನುಮತಿಯಲ್ಲ. ಅನುಮಾನವನ್ನು ಆಪ್ತವಾಕ್ಯವನ್ನಾಗಿ ಓದುವುದೆಂದರೆ ಇದೇ.

ಇಷ್ಟೂ ವಿಚಾರ ವೈದ್ಯರೊಳಗಿನದು. ಆದರೆ ಬೆನ್ನು ಹೆಂಗಸಿನದು. ಒಪ್ಪಿಗೆ ಕೊಡಬೇಕಾದವಳೂ ಅವಳೇ. ಅವಳಿಗೆ ಇದನ್ನು ಯಾವ ಮಾತಿನಲ್ಲಿ ಹೇಳಬೇಕು? ಇಲ್ಲಿ ಸಾಹಿತ್ಯದ ವಿದ್ವಾಂಸರ ಹೊಣೆ ಪ್ರಾರಂಭವಾಗುತ್ತದೆ. ಅನೀಸ್ಥೀಸಿಯಾಕ್ಕೆ ‘ಅರಿವಳಿಕೆ’ ಎಂಬ ಸಮಾಸ ಕನ್ನಡದಲ್ಲಿ ನೆಲೆಗೊಂಡಿದೆ. ಕಿವಿಗೆ ಇಂಪಾದ, ಅಚ್ಚಗನ್ನಡದ ಮಾತು. ಆದರೆ ಅರಿವು ಎಂದರೆ ಬರಿಯ ಸ್ಪರ್ಶಜ್ಞಾನವಲ್ಲ. ತಿಳಿವು, ಪ್ರಜ್ಞೆ, ವಚನಕಾರರ ಬಾಯಲ್ಲಿ ಅದಕ್ಕೂ ಹಿರಿದಾದುದು. ಎಪಿಡ್ಯೂರಲಿನಲ್ಲಿ ಅಳಿಯುವುದು ನೋವು. ಅರಿವು ಅಳಿಯುವುದಿಲ್ಲ, ತಾಯಿ ಎಚ್ಚರವಾಗಿದ್ದು ಕೂಸಿನ ಮೊದಲ ಅಳುವನ್ನು ಕೇಳುತ್ತಾಳೆ. ೧೮೪೬ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಸೂಚಿಸಿದ ಆಂಗ್ಲಪದಕ್ಕೂ ಗ್ರೀಕ್ ಮೂಲದಲ್ಲಿ ಇಂದ್ರಿಯಾನುಭವವಿಲ್ಲದಿರುವುದೆಂದೇ ಅರ್ಥವಿದ್ದರೂ, ಆಂಗ್ಲ ಓದುಗನಿಗೆ ಆ ಗ್ರೀಕ್ ಕಿವಿಗೆ ತಾಗುವುದಿಲ್ಲ. ಕನ್ನಡ ಹೆಂಗಸಿಗೆ ‘ಅರಿವು ಅಳಿಸುತ್ತೇವೆ’ ಎಂದರೆ ನೇರವಾಗಿ ತಾಗುತ್ತದೆ. ಆಡುಮಾತಿನ ‘ಬೆನ್ನಿಗೆ ಇಂಜೆಕ್ಷನ್’ ಇನ್ನೊಂದು ತೊಡಕು. ಬಿಯರನ ವಿಧಾನವನ್ನೂ ಪಾಹೆಸನ ವಿಧಾನವನ್ನೂ ಅದು ಬೇರ್ಪಡಿಸುವುದಿಲ್ಲ. ಒಂದು, ನೀರಿನೊಳಕ್ಕೆ ಒಂದೇ ಸಲ ಚುಚ್ಚುವುದು. ಇನ್ನೊಂದು, ಹೊರಗಿನ ಎಡೆಯಲ್ಲಿ ಕೊಳವೆಯನ್ನು ಬಿಟ್ಟು ಗಂಟೆಗಟ್ಟಲೆ ಮದ್ದು ಕೊಡುವುದು. ‘ಸೊಂಟದಿಂದ ಕೆಳಗೆ ಜೋಮು ಹಿಡಿಸುವುದು’ ಎಂಬ ಮಾತು ಶಾಸ್ತ್ರೀಯವಾಗಿ ಒರಟಾದರೂ ಅರಿವಳಿಕೆಗಿಂತ ಸತ್ಯಕ್ಕೆ ಹತ್ತಿರ.

ಇಂತಹ ಮಾತನ್ನು ಕನ್ನಡದಲ್ಲಿ ಹೇಳಲು ಬಾರದೆಂಬ ಅಂಜಿಕೆಗೆ ಇತಿಹಾಸದಲ್ಲಿ ಆಧಾರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನ ಗೋವೈದ್ಯವಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿ ಮಾಡಿಕೊಂಡು ಖಗೇಂದ್ರಮಣಿದರ್ಪಣವನ್ನು ಬರೆದನು. ಕಾಳಿಂಗಸರ್ಪಗಳಿಗೆ ಹೆಸರಾದ ಆಗುಂಬೆಯ ಸೀಮೆಯಲ್ಲಿ ಆ ಗ್ರಂಥವನ್ನು ಕುರಿತು ಮಾತನಾಡುವುದು ಬೇರೆಯೇ ಒಂದು ಸ್ವಾರಸ್ಯ. ಈಚಿನ ಕಾಲಕ್ಕೆ ಬಂದರೆ, ಆಗುಂಬೆಯ ತಾಲ್ಲೂಕು ಪಟ್ಟಣವಾದ ತೀರ್ಥಹಳ್ಳಿಯಲ್ಲಿಯೇ ೧೯೩೪ರಲ್ಲಿ ಹುಟ್ಟಿದ ವೈದ್ಯೆ ಅನುಪಮಾ ನಿರಂಜನರು ಕಾದಂಬರಿಗಳ ಜೊತೆಗೆ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಮುಂತಾದ ಪುಸ್ತಕಗಳನ್ನು ಬರೆದು, ಹೆಂಗಸರು ತಮ್ಮ ದೇಹವನ್ನು ಕುರಿತು ತಮ್ಮ ಭಾಷೆಯಲ್ಲಿಯೇ ಓದಬಹುದೆಂಬುದನ್ನು ತೋರಿಸಿದರು. ಅವರು ೧೯೯೧ರಲ್ಲಿ ತೀರಿಕೊಂಡರು. ಕಾದಂಬರಿಕಾರ್ತಿಯೆಂದು ಅವರನ್ನು ಕುರಿತು ನಡೆದಿರುವ ಚರ್ಚೆಯ ಪಕ್ಕದಲ್ಲಿ ಅವರ ವೈದ್ಯಗದ್ಯಕ್ಕೆ ವಿಮರ್ಶಕರು ಕೊಟ್ಟಿರುವ ಜಾಗ ತೀರ ಚಿಕ್ಕದು. ವೈದ್ಯಗದ್ಯವನ್ನು ಸಾಹಿತ್ಯದ ಮನೆಯ ಹೊರಜಗಲಿಯಲ್ಲಿ ಕೂರಿಸುವ ಈ ಅಭ್ಯಾಸದಿಂದ ನಷ್ಟವಾಗಿರುವುದು ಸಾಹಿತ್ಯಕ್ಕೆ ಮಾತ್ರವಲ್ಲ.

ಅಂತಹ ಗದ್ಯ ಇಂದು ಎಪಿಡ್ಯೂರಲನ್ನು ಕುರಿತು ಬರೆಯಹೊರಟರೆ ಹೇಳಬೇಕಾದ ಸಂಗತಿಗಳು ಹೆಚ್ಚಿಲ್ಲ. ಗರ್ಭದ ಮೊದಲ ತಿಂಗಳಲ್ಲಿ ತೂಕವನ್ನೂ ಎತ್ತರವನ್ನೂ ನಾಚದೆ ಅಳೆಯಿಸಿಕೊಳ್ಳಬೇಕಾದುದು. ಅದು ಬೈಯಲಿಕ್ಕಾಗಿ ಅಲ್ಲ, ಸೂಜಿಯ ಸಿದ್ಧತೆಗಾಗಿ ಎಂಬುದು. ಮೈ ದಪ್ಪವಿದ್ದವರು ಅರಿವಳಿಕೆ ವೈದ್ಯರನ್ನು ನೋವು ಬರುವ ಮೊದಲೇ ಒಮ್ಮೆ ಕಂಡು ಬೆನ್ನನ್ನು ತೋರಿಸಬೇಕೆಂಬುದು. ಕೊಳವೆ ಮೊದಲ ಯತ್ನದಲ್ಲಿ ಕೂರದಿದ್ದರೆ ಅದು ಯಾರ ಪಾಪವೂ ಅಲ್ಲವೆಂಬುದು. ಮತ್ತೊಂದು ಸಂಗತಿಯನ್ನು ವೈದ್ಯರಿಗೇ ಹೇಳಬೇಕಾಗಿದೆ. ಸೂಜಿ ಎಡೆಯನ್ನು ಸೇರಿದಾಗ ಅದರ ಮೈಮೇಲಿನ ಗೆರೆ ಎಷ್ಟನೆಯದೆಂಬುದನ್ನು ಆಸ್ಪತ್ರೆಯ ಕಡತದಲ್ಲಿ ಬರೆಯುವ ರೂಢಿಯಿದೆ. ಕಡತ ಆಸ್ಪತ್ರೆಯಲ್ಲಿಯೇ ಉಳಿಯುತ್ತದೆ. ಬಾಣಂತಿ ಘಟ್ಟ ಹತ್ತಿ ಊರಿಗೆ ಹೋಗುತ್ತಾಳೆ. ಎರಡು ಮೂರು ವರ್ಷದ ಮೇಲೆ ಮತ್ತೊಂದು ಹೆರಿಗೆಗೆ ಅವಳು ಮತ್ತೊಂದು ಆಸ್ಪತ್ರೆಯ ಬಾಗಿಲಿಗೆ ಬಂದಾಗ, ಯಾವ ಮಣಿಯ ಎಡೆಯಲ್ಲಿ, ಕುಳಿತಾಗಲೋ ಮಲಗಿದಾಗಲೋ, ಎಷ್ಟು ಸೆಂಟಿಮೀಟರಿನಲ್ಲಿ ಎಡೆ ಸಿಕ್ಕಿತ್ತು, ಆಗಿನ ತೂಕವೆಷ್ಟು ಎಂಬ ನಾಲ್ಕು ವಿವರಗಳು ಅವಳ ಕೈಯ ತಾಯಿ ಕಾರ್ಡಿನ ಬೆನ್ನಿನ ಮೇಲೆ ಕನ್ನಡದಲ್ಲಿ ಬರೆದಿದ್ದರೆ, ಬೇರೆಯವರ ನೂರಿಪ್ಪತ್ತು ಬೆನ್ನುಗಳಿಂದ ಕಟ್ಟಿದ ಸೂತ್ರಕ್ಕಿಂತ ಹತ್ತಿರದ ಸಾಕ್ಷಿ ಆ ವೈದ್ಯನಿಗೆ ದೊರೆಯುತ್ತದೆ. ತೂಕ ಬದಲಾಗಿದ್ದರೆ ಅಷ್ಟನ್ನು ಅವನು ತಾನೇ ತೂಗಿ ನೋಡಿಕೊಂಡಾನು.